ಬೊಕೆಗೆ ಸುತ್ತಿದ ಮಲ್ಲಿಗೆ

ಹೂವು ಮಾರುವವರ ಮನಸ್ಸೂ ಹೂವಿನ ಹಾಗೆ ಮೆತ್ತಗಿರುತ್ತದೆ ಎಂದು ನಂಬಿರುವವರು ಬಹಳ ಜನ. ಅವರು ಗೌರಿ ಹಬ್ಬದ ಹಿಂದಿನ ದಿನ ನಮ್ಮ ಅಂಗಡಿ ಮುಂದೆ ನಿಂತವರಲ್ಲ. ನಿಂತಿದ್ದರೆ ನಮ್ಮ ಬಾಯಿಂದ ಉದುರುವ ಮಾತುಗಳಿಗೂ ಹೂವಿಗೂ ಏನೂ ಸಂಬಂಧವಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ನಾನು ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಹೂವಿನ ಅಂಗಡಿ ಇಟ್ಟುಕೊಂಡವನು, ಹೆಸರು ತಿಪ್ಪೇಸ್ವಾಮಿ. ತಾತ ಶಿವನ ಗುಡಿಗೆ ಹೂವು, ಬಿಲ್ವಪತ್ರೆ ಒದಗಿಸುತ್ತಿದ್ದ. ಅಪ್ಪ ಸಂತೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದ. ನಾನು ಅವರಿಬ್ಬರಿಗಿಂತ ಮುಂದುವರಿದು ಒಂದು ಪೆಟ್ಟಿಗೆ ಅಂಗಡಿ ಮಾಡಿಸಿ, ಅದರ ನೆತ್ತಿಗೆ ಬೋರ್ಡು ಬರೆಸಿದೆ. ಪೇಂಟರು ಬೋರ್ಡಿನ ಮೂಲೆಯಲ್ಲಿ ಬಿಡಿಸಿಕೊಟ್ಟ ಗುಲಾಬಿ ಎಲೆಕೋಸಿನ ಹಾಗೆ ಇದ್ದುದರಿಂದ ಮೊದಮೊದಲು ಕೆಲವರು ತರಕಾರಿ ಕೇಳಿಕೊಂಡು ಬಂದರು. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಒಂದೆರಡು ವಾರ ಕರಿಬೇವನ್ನೂ ಇಟ್ಟಿದ್ದೆ.

ನಮ್ಮ ಊರಲ್ಲಿ ಹೂವು ಮಾರುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಗಾಳಿ ಯಾವ ಕಡೆಯಿಂದ ಬೀಸಿದರೂ ಯಾವುದಾದರೊಂದು ಮಿಲ್ಲಿನ ಶೇಂಗಾ ಎಣ್ಣೆಯ ವಾಸನೆಯನ್ನು ಹೊತ್ತುಕೊಂಡೇ ಬರುತ್ತದೆ. ಅದರ ನಡುವೆ ಮಲ್ಲಿಗೆಯ ಪರಿಮಳ ಗಿರಾಕಿಗೆ ತಲುಪಬೇಕಾದರೆ ಅವರು ಹೂವನ್ನು ಮೂಗಿಗೇ ಒತ್ತಿಕೊಳ್ಳಬೇಕು. ಒತ್ತಿಕೊಳ್ಳುತ್ತಾರೆ ಕೂಡ. ಮೂಸಿ, ಹಿಸುಕಿ, ತಿರುಗಿಸಿ ನೋಡಿ, "ತಾಜಾ ಐತೇನಪ್ಪಾ?" ಎಂದು ಕೇಳುತ್ತಾರೆ. ನಾನು "ಬೆಳಗ್ಗೆ ಕಿತ್ತಿದ್ದು ಕಣಕ್ಕ" ಎನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ನೋಡಿ ಮತ್ತೊಮ್ಮೆ ಹೂವನ್ನು ಮೂಸುತ್ತಾರೆ. ನಾನು ಜಂಭ ಪಡುವುದಕ್ಕೆ ಬೇರೆ ಏನೂ ಇಲ್ಲ. ಓದು ಏಳನೇ ಕ್ಲಾಸಿಗೆ ನಿಂತಿತು, ಎತ್ತರವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ನಿಂತಿತು. ಇರುವ ಒಂದೇ ಜಂಭವೆಂದರೆ ನಾನು ನಿನ್ನೆಯ ಹೂವನ್ನು ಇವತ್ತು ಮಾರುವವನಲ್ಲ. ಸಂಜೆಗೆ ಉಳಿದದ್ದು ಹಸುವಿನ ಪಾಲು. ಹೂವು ಕಟ್ಟುವವಳು ನನ್ನ ಹೆಂಡತಿ ಗಿರಿಜ. ಬೆಳಗ್ಗೆ ಬಂದ ಮೊಗ್ಗನ್ನು ಅವಳು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಮೊಗ್ಗು ಪಕ್ಕದ ಮೊಗ್ಗಿಗಿಂತ ತಲೆ ಎತ್ತುವಂತಿಲ್ಲ. ಮನೆಯಲ್ಲಿ ನಮಗೂ ಅದೇ ನಿಯಮ.

ಹೂವನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಹೂವು ದೇವರ ತಲೆಗೆ ಹೋಗುತ್ತದೆ, ಹೆಂಗಸರ ತಲೆಗೆ ಹೋಗುತ್ತದೆ, ಮದುಮಕ್ಕಳ ಕೊರಳಿಗೂ ಮಂತ್ರಿಗಳ ಕೊರಳಿಗೂ ಹೋಗುತ್ತದೆ, ಕೊನೆಗೆ ನಮ್ಮ ಜೊತೆ ಮಣ್ಣಿಗೂ ಹೋಗುತ್ತದೆ. ಹೂವು ಕೊಡುವವನು ಅಂತ ಇದ್ದರೆ ಅದು ದೇವರೊಬ್ಬನೇ. ಕೆಲಸ ಆಗುತ್ತದೋ ಇಲ್ಲವೋ ಎಂದು ಗುಡಿಯಲ್ಲಿ ಕೂತು ಕೇಳಿದರೆ ಬಲಗಡೆಯ ಹೂವು ಬೀಳಿಸಿ ಹೇಳುತ್ತಾನೆ. ಇನ್ನು ಮದುವೆಯ ಮಾತಿನಲ್ಲಂತೂ ಹೂವು ಆಟದ ವಸ್ತುವೇ ಅಲ್ಲ. ಗಂಡಿನ ಕಡೆಯ ಮುತ್ತೈದೆ ಬಂದು ಹೆಣ್ಣಿನ ತಲೆಗೆ ಹೂವು ಮುಡಿಸಿದಳೆಂದರೆ ಮುಗಿಯಿತು, ಆ ಹೆಣ್ಣು ಆ ಮನೆಯದು. ಲಗ್ನಪತ್ರಿಕೆ, ಧಾರೆ, ಊಟ ಎಲ್ಲ ಆಮೇಲಿನ ಖರ್ಚು. ಹೂವು ಮುಡಿಸಿಕೊಂಡ ಹುಡುಗಿಯನ್ನು ನೋಡಲು ಬೇರೆಯವರು ಬರುವುದಿಲ್ಲ. ಮುಡಿಸಿದವರು ಹಿಂದೆ ಸರಿದರೆ ಜನ ಹುಡುಗಿಯಲ್ಲೇ ಏನೋ ಐಬು ಇರಬೇಕು ಎನ್ನುತ್ತಾರೆ. ಹುಡುಗನಿಗೆ ಮಾತ್ರ ಯಾವ ಐಬೂ ತಗಲುವುದಿಲ್ಲ, ಅವನ ತಲೆಗೆ ಯಾರೂ ಹೂವು ಮುಡಿಸಿರುವುದಿಲ್ಲವಲ್ಲ.

ಹೀಗಿದ್ದ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ 'ವೆರೈಟಿ' ಎನ್ನುವುದು ಬಂತು. ಮೊದಲು ಮದುವೆ ಮನೆಯವರು ಬಂದು ಎರಡು ಹಾರ, ಒಂದು ದಿಂಡು, ಮಂಟಪಕ್ಕೆ ಚೆಂಡುಹೂವು ಎಂದು ಹೇಳಿ ಹೋಗುತ್ತಿದ್ದರು. ಈಗ ಮನೆಯಲ್ಲಿ ಟೀವಿ ಇದ್ದವರೆಲ್ಲ ಬಂದು "ಏನಾದ್ರೂ ವೆರೈಟಿ ಮಾಡ್ರಿ" ಎನ್ನತೊಡಗಿದರು. ಮೊಳಕಾಲ್ಮೂರಿನ ಒಂದು ಮದುವೆಯಲ್ಲಿ ಹೆಣ್ಣಿನ ರೇಷ್ಮೆ ಸೀರೆಯ ಅಂಚಿನ ಬಣ್ಣದ್ದೇ ಹಾರ ಬೇಕೆಂದರು. ಅಂಚು ಬದನೆಕಾಯಿ ಬಣ್ಣದ್ದು. ಮೊಳಕಾಲ್ಮೂರು ಸೀರೆಯ ನೇಕಾರರಿಗೆ ಸಿಗುವ ಬಣ್ಣಗಳೆಲ್ಲ ದೇವರಿಗೆ ಸಿಕ್ಕಿಲ್ಲ ಎಂದು ಹೇಳಿ ಸುಮ್ಮನಾಗಬಹುದಿತ್ತು. ನಾನು ಸುಗಂಧರಾಜವನ್ನು ಬಟ್ಟೆ ಬಣ್ಣದಲ್ಲಿ ಅದ್ದಿ ಒಣಗಿಸಿ ಹಾರ ಮಾಡಿದೆ. ಹಾರ ಸೊಗಸಾಗಿಯೇ ಇತ್ತು. ಮದುಮಗನಿಗೆ ಬೆವರುವ ಅಭ್ಯಾಸವಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಧಾರೆಯ ಹೊತ್ತಿಗೆ ಅವನ ಕತ್ತು, ಕಾಲರು, ಹೊಸ ಶಲ್ಯ ಎಲ್ಲವೂ ಸೀರೆಯ ಅಂಚಿಗೆ ಹೊಂದಿಕೊಂಡವು.

ಇನ್ನೊಬ್ಬರು ತಾಳಿ ಕಟ್ಟುವಾಗ ಮೇಲಿಂದ ಹೂಮಳೆ ಆಗಬೇಕೆಂದರು. ಮಂಟಪದ ನೇರಕ್ಕಿದ್ದ ಫ್ಯಾನಿನ ರೆಕ್ಕೆಗಳ ಮೇಲೆ ಗುಲಾಬಿ ಎಸಳು ಹರಡಿಟ್ಟು, ಗಟ್ಟಿಮೇಳ ಎಂದ ಕೂಡಲೇ ಸ್ವಿಚ್ಚು ಒತ್ತುವುದೆಂದು ನಾನೇ ಉಪಾಯ ಹೇಳಿದೆ. ಗಟ್ಟಿಮೇಳ ಎಂದರು, ಕರೆಂಟು ಹೋಯಿತು. ಮದುವೆ ಮುಗಿದು, ಊಟ ಮುಗಿದು, ಮಂಟಪದ ಜಮಖಾನೆಯ ಮೇಲೆ ಹುಡುಗನ ಸೋದರಮಾವ ಬಾಯಿ ತೆರೆದುಕೊಂಡು ಮಲಗಿದ್ದಾಗ ಕರೆಂಟು ಬಂತು. ಒತ್ತಿದ ಸ್ವಿಚ್ಚನ್ನು ಆರಿಸಲು ನಾನು ಮರೆತಿದ್ದೆ. ಪುಷ್ಪವೃಷ್ಟಿ ಆದದ್ದು ಅವರ ಮೇಲೆ. ಎರಡು ಎಸಳು ಗಂಟಲಿಗೂ ಹೋದವು. ಪಾಪ, ಅವರು ಕೆಮ್ಮುತ್ತಲೇ ಎದ್ದು, ತಮಗೆ ಯಾರು ಹಾಗೆ ಹೂವು ಹಾಕುತ್ತಿದ್ದಾರೆ, ತಾವು ಬದುಕಿದ್ದೇವೋ ಇಲ್ಲವೋ ಎಂದು ತಿಳಿಯದೆ ಒಂದು ಗಳಿಗೆ ಕೈಮುಗಿದುಕೊಂಡು ಕೂತಿದ್ದರು.

ಇಷ್ಟೆಲ್ಲ ಅನುಭವ ಇದ್ದ ಮೇಲೆ ಎಣ್ಣೆ ಮಿಲ್ಲಿನ ಮಹಾರುದ್ರಪ್ಪನವರ ಮಗ ಮಂಜುನಾಥ ಒಂದು ಶುಕ್ರವಾರ ಬೆಳಗ್ಗೆ ಬಂದು, "ತಿಪ್ಪೇಸ್ವಾಮಣ್ಣ, ಒಂದು ಬೊಕೆ ಮಾಡ್ಕೊಡು" ಎಂದಾಗ ನಾನು ಎಚ್ಚರವಾಗಬೇಕಿತ್ತು. ಮಧ್ಯಾಹ್ನ ಅವರ ಮನೆಯವರೆಲ್ಲ ಕೊಂಡ್ಲಹಳ್ಳಿಗೆ ಹೆಣ್ಣು ನೋಡಲು ಹೊರಟಿದ್ದರು. ಟೀವಿಯಲ್ಲಿ ಹುಡುಗರು ಹುಡುಗಿಯರಿಗೆ ಬೊಕೆ ಕೊಡುವುದನ್ನು ಇವನು ನೋಡಿದ್ದ. ತಾನೂ ಕೊಡಬೇಕು, ಅದರ ಫೋಟೋ ತೆಗೆಸಬೇಕು ಎಂದು ಫೋಟೋಗ್ರಾಫರನನ್ನೂ ಗೊತ್ತು ಮಾಡಿದ್ದ. ಹೆಣ್ಣು ನೋಡುವುದಕ್ಕೆ ಫೋಟೋಗ್ರಾಫರ್ ಯಾಕಪ್ಪಾ ಎಂದರೆ, "ವೆರೈಟಿ ಇರ್ಲಿ ಬಿಡಣ್ಣ" ಎಂದ. ನಾನು ಅಲ್ಲಿಯವರೆಗೆ ಬೊಕೆಯನ್ನು ಚಿತ್ರದಲ್ಲಿ ಮಾತ್ರ ಕಂಡವನು. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗಿಲ್ಲ, ಅದೇ ನನ್ನ ಕಷ್ಟಗಳಿಗೆಲ್ಲ ಮೂಲ.

ಕೆಂಪು ಗುಲಾಬಿ, ನಡುವೆ ಬಿಳಿ ಸೇವಂತಿಗೆ, ಹಿಂದುಗಡೆಗೆ ಹಸಿರು ಸೊಪ್ಪು, ಸುತ್ತ ಜರಿ ಕಾಗದ, ಇಷ್ಟನ್ನು ಸೇರಿಸಿ ಹಿಡಿದಾಗ ಕಸಪೊರಕೆಗೆ ಸ್ವಲ್ಪ ಹಬ್ಬ ಮಾಡಿದ ಹಾಗೆ ಕಂಡಿತು. ಹಿಡಿಕೆಗೆ ಒಂದು ರಿಬ್ಬನ್ ಬಿಗಿದರೆ ಸರಿಹೋಗುತ್ತಿತ್ತು. ಅಷ್ಟರಲ್ಲಿ ಮಧ್ಯಾಹ್ನವಾಗಿ, ಎದುರಿನ ಫ್ಯಾನ್ಸಿ ಸ್ಟೋರಿನ ಸಾಬರು ಶುಕ್ರವಾರದ ನಮಾಜಿಗೆ ಬಾಗಿಲು ಹಾಕಿಕೊಂಡು ಹೋಗಿದ್ದರು. ಹೊರಗೆ ಜೀಪು ಹಾರನ್ ಹೊಡೆಯುತ್ತಿತ್ತು. ಗಿರಿಜ ಆಗಷ್ಟೇ ಕಟ್ಟಿ ಒದ್ದೆ ಬಟ್ಟೆಯ ಕೆಳಗಿಟ್ಟಿದ್ದ ಮಲ್ಲಿಗೆ ಕೈಗೆ ಸಿಕ್ಕಿತು. ಅದನ್ನೇ ರಿಬ್ಬನ್ನಿನ ಬದಲು ಹಿಡಿಕೆಗೆ ಸುತ್ತಿ ಕೊಟ್ಟೆ. ಆ ದಿನ ಬೆಳಗ್ಗೆ ಕಿತ್ತ ಮೊಗ್ಗು ಅದು, ಇನ್ನೂ ಅರೆಬಿರಿದದ್ದು. ಮಂಜುನಾಥ ನೋಡಿ, "ಇದು ಟೀವಿಲಿ ಇಲ್ಲ, ಆದ್ರೂ ಚೆನ್ನಾಗೈತೆ" ಎಂದ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಮಂಜುನಾಥನೇ ಹೇಳಿದ. ಹುಡುಗಿ ಶೈಲಜ, ಟೀಚರ್ ಟ್ರೈನಿಂಗ್ ಓದುತ್ತಿದ್ದವಳು, ಕಾಫಿ ಕೊಟ್ಟು ಚಾಪೆಯ ಮೇಲೆ ಕೂತಿದ್ದಾಳೆ. ಇವನು ಎದ್ದು ಬೊಕೆ ಕೊಟ್ಟಿದ್ದಾನೆ. ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಿದ್ದಾನೆ. ಹುಡುಗಿಗೆ ಅದನ್ನು ಏನು ಮಾಡಬೇಕೆಂದು ತಿಳಿದಿಲ್ಲ. ದೇವರ ಮುಂದೆ ಇಡುವುದೋ ನೀರಿಗೆ ಹಾಕುವುದೋ ಎಂದು ಸುಮ್ಮನೆ ಹಿಡಿದುಕೊಂಡು ಕೂತಿದ್ದಾಳೆ. ಹುಡುಗನ ಸೋದರತ್ತೆ ಗೌರಮ್ಮನವರು ಪಕ್ಕದಲ್ಲೇ ಇದ್ದವರು. ಅವರ ಕಣ್ಣು ಹಿಡಿಕೆಗೆ ಸುತ್ತಿದ್ದ ಮಲ್ಲಿಗೆಯ ಮೇಲೆ ಬಿದ್ದಿದೆ. ಕೈಯಲ್ಲಿ ಹೂವು ಇದ್ದು, ಎದುರಿಗೆ ಹೆಣ್ಣುಮಗಳ ಜಡೆ ಇದ್ದರೆ ನಮ್ಮ ಕಡೆಯ ಹೆಂಗಸರ ಕೈ ಅವರ ಮಾತು ಕೇಳುವುದಿಲ್ಲ. "ಅಯ್ಯೋ, ಒಳ್ಳೇ ಮಲ್ಲಿಗೀನ ಕೈಯಾಗೆ ಇಟ್ಕೊಂಡು ಯಾಕವ್ವಾ ಬಾಡಿಸ್ತೀಯಾ" ಎಂದವರೇ ಹಿಡಿಕೆಯಿಂದ ಬಿಚ್ಚಿ ಹುಡುಗಿಯ ತಲೆಗೆ ಮುಡಿಸಿಯೇಬಿಟ್ಟಿದ್ದಾರೆ. ಫೋಟೋಗ್ರಾಫರ್ ಅದಕ್ಕೂ ಒಂದು ಫ್ಲ್ಯಾಶ್ ಹೊಡೆದಿದ್ದಾನೆ. ಆಮೇಲೆ ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದು ಪಡಸಾಲೆಗೆಲ್ಲ ಕೇಳಿಸಿತಂತೆ.

ಮಹಾರುದ್ರಪ್ಪನವರು ಹೋಗಿದ್ದದ್ದು ಬರೀ ನೋಡಿಕೊಂಡು ಬರುವುದಕ್ಕೆ. ದಾವಣಗೆರೆಯ ಇನ್ನೊಂದು ಸಂಬಂಧ ಅವರ ಮನಸ್ಸಿನಲ್ಲಿತ್ತು. ಹುಡುಗಿಯ ತಂದೆ ಬಸವರಾಜಪ್ಪನವರಿಗೆ ಅದೆಲ್ಲ ಏಕೆ ಬೇಕು. ಮುತ್ತೈದೆ ಹೂವು ಮುಡಿಸಿಯಾಯಿತು, ಊರೆಲ್ಲ ಹೇಳಿಯೂ ಆಯಿತು, ಇನ್ನು ಮುಹೂರ್ತ ನೋಡೋಣ ಎಂದು ಹೇಳಿ ಕಳಿಸಿದರು. ಇವರು, ಅದು ಬೊಕೆ, ಮುಡಿಸುವ ಹೂವಲ್ಲ ಎಂದರು. ಅವರು, ಬೊಕೆಗೆ ಗುಲಾಬಿ ಇತ್ತಲ್ಲ, ತಲೆಗೆ ಮುಡಿಸಿದ್ದು ಮಲ್ಲಿಗೆ ಎಂದರು. ಇವರು, ಮಲ್ಲಿಗೆ ಪ್ಯಾಕಿಂಗು ಎಂದರು. ಪ್ಯಾಕಿಂಗಿಗೆ ಮಲ್ಲಿಗೆ ಸುತ್ತುವವರು ಯಾರು ಎಂದು ಅವರು ಕೇಳಿದರು. ಅಂಥವರು ಲೋಕದಲ್ಲಿ ಒಬ್ಬರೇ ಇದ್ದದ್ದು. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು, ಸುತ್ತಿದವನನ್ನೇ ಕರೆದು ಕೇಳೋಣ, ಅವನು ಏನು ಅಂತಾನೋ ಹಾಗೆ ಎಂದು ತೀರ್ಮಾನಿಸಿದರು.

ಹೀಗೆ ನಾನು ಮಹಾರುದ್ರಪ್ಪನವರ ಜೀಪಿನಲ್ಲಿ, ಹಿಂದಿನ ಸೀಟಿನಲ್ಲಿ ಗೌರಮ್ಮನವರ ಎದುರಿಗೆ ಮೊಣಕಾಲು ಮಡಚಿಕೊಂಡು ಕೊಂಡ್ಲಹಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಮಹಾರುದ್ರಪ್ಪನವರು ಮುಂದಿನ ಸೀಟಿನಿಂದ ತಿರುಗಿ ತಿರುಗಿ ಪಾಠ ಹೇಳಿದರು. "ನೋಡಲೇ ತಿಪ್ಪೇಸ್ವಾಮಿ, ನೀನೇನೂ ಸುಳ್ಳು ಹೇಳಬೇಕಾಗಿಲ್ಲ. ಬೊಕೆ ಬೇರೆ, ಮುಡಿಯೋ ಹೂವು ಬೇರೆ ಅಂತ ಅಷ್ಟು ಹೇಳು ಸಾಕು." ನಾನು ತಲೆಯಾಡಿಸಿದೆ. ಜೀಪು ಕುಲುಕುತ್ತಿದ್ದುದರಿಂದ ಆಡಿಸದಿದ್ದರೂ ತಲೆ ಆಡುತ್ತಿತ್ತು. ಆದರೆ ಮನಸ್ಸಿನಲ್ಲಿ ಬೇರೆಯೇ ಇತ್ತು. ನಾರಿನಲ್ಲಿ ಕಟ್ಟಿದ ಮಲ್ಲಿಗೆ ಇರುವುದು ಮುಡಿಯುವುದಕ್ಕೆ. ಅದನ್ನು ಮುತ್ತೈದೆ ಮುಡಿಸಿದ್ದಾಳೆ. ಅದಲ್ಲ ಎಂದು ನಾನು ಹೇಳಿದರೆ ಆ ಹುಡುಗಿಯ ಗತಿ ಏನು? ಹೂವು ಮುಡಿಸಿ ಬಿಟ್ಟುಹೋದ ಹುಡುಗಿ ಎಂದು ನಾಳೆಯಿಂದ ಜನ ಆಡಿಕೊಳ್ಳುತ್ತಾರೆ. ನನಗೂ ಹೆಣ್ಣುಮಗಳಿದ್ದಾಳೆ. ಆದದ್ದಾಗಲಿ, ಮುಡಿಸಿದ್ದು ಮುಡಿಸಿದ್ದೇ ಎಂದು ಹೇಳಿಬಿಡಬೇಕು ಎಂದುಕೊಂಡೆ. ಹಾಗೆ ಹೇಳಿದರೆ ಮದುವೆ ನಡೆಯುತ್ತದೆ, ಮದುವೆಯ ಹೂವು ನನಗೇ ಬರುತ್ತದೆ ಎಂಬುದೂ ಹೊಳೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೊಳೆಯಿತು ಎಂದೇ ಹೇಳುತ್ತೇನೆ.

ಬಸವರಾಜಪ್ಪನವರ ಪಡಸಾಲೆಯಲ್ಲಿ ಹಿರಿಯರೆಲ್ಲ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕೈಕಾಲು ತೊಳೆದುಕೊಂಡು ಬಾ ಎಂದು ಹಿತ್ತಿಲಿಗೆ ಕಳಿಸಿದರು. ಅಲ್ಲಿ ನೀರಿನ ಚೊಂಬು ಹಿಡಿದುಕೊಂಡು ಹುಡುಗಿಯೇ ನಿಂತಿದ್ದಳು. ನಾನು ಕಾಲಿಗೆ ನೀರು ಹಾಕಿಕೊಳ್ಳುವಾಗ ಅವಳು ಒಳಗಿನವರಿಗೆ ಕೇಳದ ಹಾಗೆ, "ಅಣ್ಣ, ಏನು ಹೇಳ್ಬೇಕಂತಿದೀರಿ?" ಎಂದಳು. ಹೆದರಬೇಡವ್ವಾ, ನಿನ್ನ ಕಡೆಗೇ ಹೇಳುತ್ತೇನೆ, ಮುಡಿಸಿದ್ದು ಮುಡಿಸಿದ್ದೇ ಅನ್ನುತ್ತೇನೆ ಎಂದು ದೊಡ್ಡ ಮನಸ್ಸಿನಿಂದ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಹಂಗೆ ಹೇಳಬೇಡ್ರಿ" ಎಂದಳು. "ಆ ಹುಡುಗ ನನಗೆ ಹೂ ಕೊಡೋವಾಗ ನನ್ನ ನೋಡ್ಲೇ ಇಲ್ಲ. ಫೋಟೋ ತೆಗೆಯೋನ ಕಡೆ ನೋಡ್ಕೊಂಡು ಕೊಟ್ಟ. ಒಂದು ಮಾತೂ ಆಡ್ಲಿಲ್ಲ. ನನಗೆ ಇದು ಬೇಡ."

ಹಾಗಾದರೆ ಒಳ್ಳೆಯದೇ ಆಯಿತು, ಅದು ಪ್ಯಾಕಿಂಗ್ ಎಂದುಬಿಡುತ್ತೇನೆ ಎಂದೆ. ಅದಕ್ಕೂ ಅವಳು ಒಪ್ಪಲಿಲ್ಲ. "ಹಂಗಂದ್ರೆ ಅವರು ನನ್ನ ಒಲ್ಲೆ ಅಂದಂಗಾಗುತ್ತೆ. ಅಪ್ಪ ಊರಾಗೆ ತಲೆ ಎತ್ತಿ ಓಡಾಡಂಗಿಲ್ಲ. ನಾನೇ ಬೇಡ ಅಂದ್ರೆ, ಹೂ ಮುಡಿಸ್ಕೊಂಡ ಮೇಲೆ ಬೇಡ ಅಂದ್ಲು ಅಂತಾರೆ." ನನ್ನ ಮುಖ ನೋಡಿದಳು. "ಹಿಂದಿನ ದಿನದ ಹೂವು ಮುಡಿಸಿದ್ರೆ ಶಾಸ್ತ್ರಕ್ಕೆ ಬರಲ್ಲ ಅಲ್ಲೇನ್ರಿ? ಹೂವೇ ಹಳೇದಿತ್ತು ಅಂದ್ಬಿಡಿ ಅಣ್ಣ. ಆಗ ಅವರದ್ದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ."

ಅಲ್ಲಿಗೆ ತಪ್ಪು ಯಾರದಾಗುತ್ತದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಷ್ಟರಾಗುವ ಹುಡುಗಿ, ಲೆಕ್ಕ ಸರಿಯಾಗಿತ್ತು. ನಾನು ಚೊಂಬಿನಲ್ಲಿ ಉಳಿದಿದ್ದ ನೀರನ್ನೂ ಕಾಲಿಗೆ ಹಾಕಿಕೊಂಡೆ. ನೀರು ಮುಗಿದ ಮೇಲೂ ಚೊಂಬನ್ನು ಬಗ್ಗಿಸಿಕೊಂಡೇ ನಿಂತಿದ್ದೆ. ಹೂವಿನವನನ್ನು ಏನು ಬೇಕಾದರೂ ಅನ್ನಬಹುದು. ಅಳತೆ ಕಡಿಮೆ ಎನ್ನಲಿ, ಬಾಯಿ ಜೋರು ಎನ್ನಲಿ, ಬಣ್ಣ ಹಚ್ಚಿ ಮಾರುತ್ತಾನೆ ಎನ್ನಲಿ, ಅದೆಲ್ಲ ತಡೆದುಕೊಳ್ಳುತ್ತೇನೆ. ಮದುವೆಯ ಕಾರ್ಯಕ್ಕೆ ಬಾಡಿದ ಹೂವು ಕೊಟ್ಟ ಎಂದರೆ ಮಾತ್ರ ಅವನ ಅಂಗಡಿಯ ಮೆಟ್ಟಿಲನ್ನು ಯಾರೂ ತುಳಿಯುವುದಿಲ್ಲ. ಹೇಳಬೇಕಾದದ್ದು ಎರಡು ಊರಿನ ಹಿರಿಯರ ಎದುರಿಗೆ, ಅದೂ ನನ್ನ ಬಾಯಿಂದಲೇ. ಹುಡುಗಿ ಖಾಲಿ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡಳು. ನನಗೆ ಬಹಳ ಸಂಕಟವಾಯಿತು.

ಪಡಸಾಲೆಯಲ್ಲಿ ಬಸವರಾಜಪ್ಪನವರು, "ನೋಡಪ್ಪಾ, ದೇವರು ಮೆಚ್ಚೋ ಹಂಗೆ ಹೇಳು. ಅದು ಪ್ಯಾಕಿಂಗೋ ಮುಡಿಯೋ ಹೂವೋ?" ಎಂದು ಕೇಳಿದರು. ಮಹಾರುದ್ರಪ್ಪನವರು ನನ್ನನ್ನು ನೋಡಿ ಕೆಮ್ಮಿದರು. ನಾನು ಹೆಗಲ ಮೇಲಿದ್ದ ಟವೆಲನ್ನು ಕೈಗೆ ತೆಗೆದುಕೊಂಡೆ.

"ಯಜಮಾನ್ರೇ, ಆ ಪ್ರಶ್ನೇನೇ ಬರಲ್ಲ. ಆ ಮಲ್ಲಿಗೆ ಹಿಂದಿನ ದಿನದ್ದು. ಗುರುವಾರ ಉಳಿದಿದ್ದನ್ನ ನೀರು ಚಿಮುಕಿಸಿ ಇಟ್ಟಿದ್ದೆ. ಹಿಡಿಕೆಗೆ ತಾನೇ, ನಡೀತೈತೆ ಅಂತ ಸುತ್ತಿದೆ. ಹಳೇ ಹೂವು ಮುಡಿಸಿದ್ರೆ ಮುಡಿಸಿದಂಗಲ್ಲ. ತಪ್ಪಾತು, ಹೊಟ್ಟೆಗೆ ಹಾಕ್ಕಳ್ರಿ."

ಹೇಳಿ ತಲೆ ತಗ್ಗಿಸಿ ನಿಂತೆ. ಸಭೆ ದಂಗಾಗುತ್ತದೆ ಎಂದು ನನ್ನ ಎಣಿಕೆ. ಛೇ, ತಿಪ್ಪೇಸ್ವಾಮಿ ಅಂಗಡಿಯಲ್ಲಿ ಹಳೇ ಹೂವೇ, ಇರಲಿಕ್ಕಿಲ್ಲ ಬಿಡಪ್ಪಾ, ಯಾರೋ ಹೇಳಿಕೊಟ್ಟಿರಬೇಕು ಎಂದು ಒಬ್ಬರಾದರೂ ಎದ್ದು ಹೇಳುತ್ತಾರೆ, ಆಗ ಆಣೆ ಇಟ್ಟು ಇನ್ನೊಂದು ಸಲ ಸುಳ್ಳು ಹೇಳಬೇಕಾಗುತ್ತದೆ ಎಂದು ಅದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಯಾವ ಆಣೆಯೂ ಬೇಕಾಗಲಿಲ್ಲ. ಗೌರಮ್ಮನವರು ನಿಟ್ಟುಸಿರು ಬಿಟ್ಟು, "ನಾನು ಮುಡಿಸೋವಾಗ್ಲೇ ಕೈಗೆ ಮೆತ್ತಮೆತ್ತಗೆ ಹತ್ತಿತ್ತು ಕಣ್ರಿ" ಎಂದರು. ಒಳಬಾಗಿಲಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಆಂಧ್ರದ ಕಡೆಯವರು, "ಆ ಪೊದ್ದೇ ಅನುಕೊಂಟಿ" ಎಂದರು, ಅಂದರೆ ಅವರೂ ಅವತ್ತೇ ಅಂದುಕೊಂಡಿದ್ದರು. "ಚಳ್ಳಕೆರೆ ಬಸ್ ಸ್ಟ್ಯಾಂಡ್ ಹೂವು ಅಂದ್ರೆ ಇನ್ನೇನಿರ್ತೈತೆ" ಎಂದು ಬಸವರಾಜಪ್ಪನವರು ಹೇಳಿದರು. ಗೋಡೆಗೆ ಒರಗಿದ್ದ ಒಬ್ಬ ಹಿರಿಯರು ನೆಟ್ಟಗೆ ಕೂತು, ತಮ್ಮ ತಮ್ಮನ ಮದುವೆಯಲ್ಲಿ ನಾನು ಕೊಟ್ಟ ಹಾರದಿಂದ ಧಾರೆಗೆ ಮೊದಲೇ ಎಸಳು ಉದುರಿದ್ದನ್ನು ವಿವರಿಸಿದರು. ಆ ಮದುವೆಗೆ ಹೂವು ಕೊಟ್ಟವನು ನಾನಲ್ಲ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಹಾರುದ್ರಪ್ಪನವರು, ದಾರಿಯುದ್ದಕ್ಕೂ ಸುಳ್ಳು ಹೇಳಬೇಕಾಗಿಲ್ಲ ಎಂದು ನನಗೆ ಪಾಠ ಹೇಳಿಕೊಂಡು ಬಂದಿದ್ದವರು, "ನಮ್ಮ ಮಿಲ್ಲಿನ ಪೂಜೆಗೂ ಇವನು ಹಿಂಗೇ ಮಾಡಿರ್ತಾನೆ" ಎಂದರು.

ನನಗೆ ರೋಷ ಬಂದು ನೆತ್ತಿಗೆ ಏರಿತು. ಅಲ್ಲಾ ಸ್ವಾಮಿ, ಆ ಹೂವು ಬೆಳಗ್ಗೆ ಕಿತ್ತಿದ್ದು, ನನ್ನ ಹೆಂಡತಿ ನನ್ನ ಕಣ್ಣೆದುರಿಗೆ ಕಟ್ಟಿದ್ದು ಎಂದು ಕೂಗಿ ಹೇಳಬೇಕೆನಿಸಿತು. ಮಾತು ನಾಲಿಗೆಯವರೆಗೂ ಬಂದಿತ್ತು. ಬಾಗಿಲ ಹಿಂದೆ ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತದ್ದು ಕಂಡಿತು. ಅಳುತ್ತಿದ್ದಾಳೆಂದು ಮೊದಲು ಅಂದುಕೊಂಡೆ. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಟವೆಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡೆ. ಇಬ್ಬರು ತಂದೆಯರೂ, ಎಲ್ಲ ಈ ಹೂವಿನವನಿಂದ ಆದದ್ದು, ನಮ್ಮ ನಮ್ಮಲ್ಲಿ ಮನಸ್ತಾಪ ಏಕೆ ಎಂದು ಒಬ್ಬರಿಗೊಬ್ಬರು ಎಲೆಅಡಿಕೆ ಕೊಟ್ಟುಕೊಂಡರು. ಹೋಳಿಗೆ ಊಟವೂ ಆಯಿತು. ನನಗೆ ಬಡಿಸುವಾಗ ಅಜ್ಜಿ ಬಾಯ್ತುಂಬ ಬೈದರು, ಹುಡುಗಿ ಮಾತ್ರ ನನ್ನ ಎಲೆಗೆ ತುಪ್ಪವನ್ನು ಕೈಬಿಚ್ಚಿ ಹಾಕಿದಳು.

ಊರಿಗೆ ಬಂದು ಹೆಂಡತಿಗೆ ಹೇಳಿದೆ. ಒಂದು ಹೆಣ್ಣುಮಗಳನ್ನು ಉಳಿಸಿದ್ದಕ್ಕೆ ಗಿರಿಜ ಮೆಚ್ಚಿಕೊಳ್ಳುತ್ತಾಳೆ ಎಂದು ಮನಸ್ಸಿನಲ್ಲಿತ್ತು. ಅವಳು ನಾರನ್ನು ಕೆಳಗಿಟ್ಟಳು. "ನಾನು ಕಟ್ಟಿದ ಹೂವ ಬಾಡಿದ್ದು ಅಂದ್ರಾ?" ಎಂದು ಕೇಳಿದಳು. ಹುಡುಗಿಗಾಗಿ ಹೇಳಿದ್ದು ಎಂದೆ. "ಹುಡುಗಿಗೋಸ್ಕರ ಹೇಳ್ರಿ, ಬೇಡ ಅಂದೋರ್ಯಾರು. ನನ್ನ ಹೂವಿನ ಮೇಲೆ ಯಾಕೆ ಹೇಳಿದ್ರಿ? ಹೂವು ಚೆನ್ನಾಗಿತ್ತು, ನನಗೆ ಸೂತಕ ಇತ್ತು, ಮುಟ್ಟಬಾರದಿತ್ತು ಅನ್ನಬಹುದಿತ್ತು. ಅದೂ ಶಾಸ್ತ್ರಕ್ಕೆ ಬರ್ತಿರಲಿಲ್ಲ." ನಮ್ಮ ಕಡೆ ಯಾರೂ ಸತ್ತಿರಲಿಲ್ಲವಲ್ಲ ಎಂದೆ. "ನಿಮ್ಮ ದೊಡ್ಡಪ್ಪ ಇರಲಿಲ್ಲೇನು? ಹೆಂಗೂ ಹಾಸಿಗೆ ಹಿಡಿದು ವರ್ಷವಾಗೈತೆ. ಒಂದು ದಿನಕ್ಕೆ ಸಾಯಿಸಿದ್ರೆ ಅವರೇನು ಬೇಡ ಅಂತಿದ್ರಾ?" ಇಂಥ ಬುದ್ಧಿ ನನಗೆ ಆ ಪಡಸಾಲೆಯಲ್ಲಿ ಹೊಳೆಯಲಿಲ್ಲ. ಗಿರಾಕಿಗಳು ಸ್ವಲ್ಪ ದಿನ ಕಡಿಮೆಯಾದರು. ಬಂದವರು ಮೊದಲು ಒಂದು ಸಲ ಮೂಸುತ್ತಿದ್ದವರು ಈಗ ಪಕ್ಕದವರಿಗೂ ಕೊಟ್ಟು ಮೂಸಿಸುತ್ತಿದ್ದರು.

ಮಾರನೆಯ ವರ್ಷ ಬಸವರಾಜಪ್ಪನವರೂ ಶೈಲಜಳೂ ಅಂಗಡಿಗೆ ಬಂದರು. ಅವಳಿಗೆ ಮೇಷ್ಟರ ಕೆಲಸ ಸಿಕ್ಕಿತ್ತು, ಅದೇ ಶಾಲೆಯ ಮೇಷ್ಟರೊಬ್ಬರ ಜೊತೆ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯನ್ನು ಅವಳೇ ನನ್ನ ಕೈಗೆ ಕೊಟ್ಟು, "ಅಣ್ಣ, ಅತ್ತಿಗೇನೂ ಕರ್ಕೊಂಡು ಬರಲೇಬೇಕು" ಎಂದಳು. ನನಗೆ ನಿಜವಾಗಿಯೂ ಸಂತೋಷವಾಯಿತು. ಹಾರ ಯಾವ ರೀತಿ ಇರಲಿ ಎಂದು ಕೇಳಿದೆ. ಬಸವರಾಜಪ್ಪನವರು ಬಸ್ ನಿಲ್ದಾಣದ ಕಡೆ ನೋಡಿಕೊಂಡು, "ಹೂವು ರಾಯದುರ್ಗಕ್ಕೆ ಹೇಳಿದೀವಪ್ಪ. ಬೇಜಾರು ಮಾಡ್ಕೋಬೇಡ, ಶುಭಕಾರ್ಯ ನೋಡು" ಎಂದರು. ಶೈಲಜ ತಲೆ ತಗ್ಗಿಸಿದಳು. ನಾನು, ಇರಲಿ ಬಿಡ್ರಿ, ಒಂದು ಮದುವೆಗಾದರೂ ಹೂವಿನ ಕೆಲಸವಿಲ್ಲದೆ, ನೆಂಟರ ಹಾಗೆ ಊಟದ ಹೊತ್ತಿಗೆ ಹೋಗಿ ನೋಡುತ್ತೇನೆ ಎಂದೆ.

ಮೊಳಕಾಲ್ಮೂರಿನ ಕಲ್ಯಾಣ ಮಂಟಪಕ್ಕೆ ನಾನೂ ಗಿರಿಜಳೂ ಹೋದೆವು. ಹೂವಿನವನು ಹೂವು ತೆಗೆದುಕೊಂಡು ಹೋಗುವಂತಿರಲಿಲ್ಲ, ಒಂದು ಸ್ಟೀಲಿನ ಬಿಂದಿಗೆ ತೆಗೆದುಕೊಂಡು ಹೋದೆವು. ಅಕ್ಕಿಕಾಳು ಹಾಕಲು ಹತ್ತಿರ ಹೋದಾಗ ಮದುಮಗ ಏನೋ ಹೇಳುತ್ತಿದ್ದ, ಶೈಲಜ ನಗುತ್ತಿದ್ದಳು. ಫೋಟೋಗ್ರಾಫರ್ "ಸಾರ್, ಈ ಕಡೆ, ಈ ಕಡೆ" ಎಂದು ಕೂಗಿ ಕೂಗಿ ಸೋತಿದ್ದ. ನೋಡಿ ನನಗೆ ಕಣ್ಣು ತುಂಬಿ ಬಂತು. ಗಿರಿಜ ಮೊಣಕೈಯಿಂದ ತಿವಿದು, "ಹಾರ ನೋಡ್ರಿ" ಎಂದು ಪಿಸುಗುಟ್ಟಿದಳು. ನಾನು ಹಾರ ನೋಡಿರಲಿಲ್ಲ. ಅಷ್ಟರಲ್ಲಿ ಬಸವರಾಜಪ್ಪನವರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಮಗಳ ಕೊರಳಿನ ಹಾರದ ತುದಿಯನ್ನು ನನ್ನ ಮುಂದೆ ಹಿಡಿದರು. "ಹೂವು ಅಂದ್ರೆ ಹಿಂಗಿರ್ಬೇಕಪ್ಪಾ ತಿಪ್ಪೇಸ್ವಾಮಿ. ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಹಿಂದಿನ ದಿನದ್ದು. ಐಸಿನಲ್ಲಿಟ್ಟು ತಂದಿದ್ದರು. ಬುಡದ ಎಸಳು ಬೆರಳಿಗೆ ಮೆತ್ತಗೆ ಹತ್ತಿತು. ಶೈಲಜ ನನ್ನ ಮುಖವನ್ನೇ ನೋಡುತ್ತಿದ್ದಳು, ಗಿರಿಜಳೂ ನೋಡುತ್ತಿದ್ದಳು.

"ತಾಜಾ ಹೂವು ಯಜಮಾನ್ರೇ" ಎಂದೆ. "ಇಂಥದ್ದು ನಮ್ಮ ಕಡೆ ಸಿಗಲ್ಲ."

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಹೂವಿನ ವಿಷಯದಲ್ಲಿ ನಾನು ಜೀವಮಾನದಲ್ಲಿ ಹೇಳಿದ್ದು ಎರಡೇ ಸುಳ್ಳು. ಎರಡನ್ನೂ ಜನ ಮರುಮಾತಿಲ್ಲದೆ ನಂಬಿದರು. ನಿಜ ಹೇಳಿ ಮಾರುವ ಹೂವಿಗೆ ಮಾತ್ರ ಇವತ್ತಿಗೂ ಚೌಕಾಸಿ ಮಾಡುತ್ತಾರೆ.